‘ಅಥವಾ’ ಇಲ್ಲದ ಪ್ರಶ್ನೆ

ಒಂಬತ್ತನೇ ಪಾಠ ಹತ್ತಿರ ಬಂತೆಂದರೆ ಆ ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಕೆಮ್ಮು ಶುರುವಾಗುತ್ತಿತ್ತು. ಹೆಡ್ ಮಾಸ್ಟರಿಗಂತೂ ಮಾತು ಮಾತಿಗೂ ಗಂಟಲು ಕಟ್ಟುತ್ತಿತ್ತು. ವಿಜ್ಞಾನದ ಪುಸ್ತಕದ ಮೊದಲ ಎಂಟು ಪಾಠಗಳು ಬೆಳಕು, ಶಬ್ದ, ಬೇರು, ಎಲೆ ಎಂದುಕೊಂಡು ಯಾರ ತಂಟೆಗೂ ಹೋಗದೆ ಸಾಗುತ್ತಿದ್ದವು. ಒಂಬತ್ತನೆಯದು ಮಾತ್ರ ಒಂದು ಜೀವಿಯಿಂದ ಇನ್ನೊಂದು ಜೀವಿ ಹೇಗೆ ಬಂತು, ಮನುಷ್ಯ ಎಲ್ಲಿಂದ ಬಂದ ಎಂದು ಹೇಳುವ ಪಾಠ. ಶಾಲೆಯ ಹಿಂದಿನ ಬೀದಿಯಲ್ಲೇ ಪ್ರಾರ್ಥನಾ ಮಂದಿರ. ಶಾಲೆಯ ಅರ್ಧಕ್ಕರ್ಧ ಮಕ್ಕಳು ಆ ಮಂದಿರದ ಮನೆಗಳವರು. ದೇವರು ಎಲ್ಲವನ್ನೂ ಈಗಿರುವ ಹಾಗೇ, ಒಂದೇ ಸಲಕ್ಕೆ, ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಮಾಡಿಟ್ಟ ಎಂದು ನಂಬಿದವರು.

ಇದಕ್ಕೆ ಹಿಂದೆ ಯಾವನೋ ಒಬ್ಬ ಜಾಣ ಹೆಡ್ ಮಾಸ್ಟರು ದಾರಿ ಕಂಡುಹಿಡಿದಿದ್ದ. ಪಾಠ ಮಾಡುವುದು ಮಾಡಿ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳಿ, ಆದರೆ ಅದರ ಕೆಳಗೆ ‘ಅಥವಾ’ ಎಂದು ಹಾಕಿ ಇನ್ನೊಂದು ಪ್ರಶ್ನೆ ಕೊಡಿ. ಆ ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಎಲೆಯ ಚಿತ್ರ ಬರೆದು ಭಾಗಗಳನ್ನು ಹೆಸರಿಸುವುದಾಗಿರುತ್ತಿತ್ತು. ಮಂದಿರದ ಮಕ್ಕಳೆಲ್ಲ ಎಲೆ ಬರೆಯುತ್ತಿದ್ದರು, ಉಳಿದವರು ಮನುಷ್ಯನ ಬಗ್ಗೆ ಬರೆಯುತ್ತಿದ್ದರು. ಇದು ಯಾವ ಕಾನೂನಿನಲ್ಲೂ ಇರಲಿಲ್ಲ, ಎಲ್ಲರ ಬಾಯಿಮಾತಿನಲ್ಲಿತ್ತು. ದೇವರ ಮಾನವೂ ಸರ್ಕಾರದ ಮಾನವೂ ಒಂದು ಎಲೆಯ ಮರೆಯಲ್ಲಿ ಉಳಿದುಕೊಂಡು ಬಂದಿದ್ದವು.

ವಿಜ್ಞಾನದ ಟೀಚರಿಗೆ ಈ ‘ಅಥವಾ’ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ವರ್ಷವೂ ಪೆನ್ನು ಕಾಗದ ಹರಿಯುವಷ್ಟು ಒತ್ತಿ ಆ ಪದ ಬರೆಯುತ್ತಿದ್ದಳು. ಹಾಗಂತ ಬರೆಯದೆ ಬಿಟ್ಟವಳಲ್ಲ. ಅವಳೂ ಅದೇ ಮಂದಿರದ ಬೆಂಚಿನ ಮೇಲೆ ಕೂತು ಬೆಳೆದವಳು. ಕಾಲೇಜು ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗುವುದನ್ನು ಬಿಟ್ಟಳು. ಎಷ್ಟೋ ಜನ ಸದ್ದಿಲ್ಲದೆ ಬಿಡುತ್ತಾರೆ. ಇವಳು ಹಿರಿಯರ ಮುಖದ ಮುಂದೆ ನಿಂತು, ‘ನನಗೆ ನಂಬಿಕೆ ಇಲ್ಲ’ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಿದ್ದಳು. ಅವಳ ಅಣ್ಣ ಒಳಗೇ ಉಳಿದ. ಈಗ ಆ ಹಿರಿಯರ ಜಾಗದಲ್ಲಿ ಅವನೇ ಕೂತಿದ್ದಾನೆ.

ಅಣ್ಣನದು ಕನ್ನಡಕದ ಅಂಗಡಿ. ಗಾಜು ಉಜ್ಜುವ ಯಂತ್ರ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತಾ ಹೋಗುವ ಅಕ್ಷರಗಳ ಹಲಗೆ, ಗಾಜಿನ ಪೆಟ್ಟಿಗೆಯೊಳಗೆ ಸಾಲು ಸಾಲು ಫ್ರೇಮು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಅಂಗಡಿ, ಮಂದಿರ, ಮತ್ತು ಒಬ್ಬಳೇ ಮಗಳು. ಮಗಳಿಗೆ ಹದಿನೈದು ತುಂಬಿದ್ದರೂ ಮನೆಯಲ್ಲಿ ಪಾಪು ಎಂದೇ ಕರೆಯುತ್ತಿದ್ದರು. ತಾಯಿಯಿಲ್ಲದ ಆ ಮಗುವಿನ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಮೊದಲ ಅಕ್ಷರ ತಿದ್ದಿಸಿದವಳು ಅತ್ತೆ. ಮದುವೆ ಮಾಡಿಕೊಳ್ಳದೆ ಪಕ್ಕದ ಬೀದಿಯಲ್ಲಿ ಒಂಟಿಯಾಗಿದ್ದ ಈ ಟೀಚರೇ. ಅಣ್ಣನ ಮನೆಗೆ ಹೋದಾಗ ಅವಳು ದೇವರ ಮಾತೆತ್ತುತ್ತಿರಲಿಲ್ಲ, ಅವನು ಪಾಠದ ಮಾತೆತ್ತುತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ಆಡಲು ಮಾತೇ ಇರುತ್ತಿರಲಿಲ್ಲ, ಪಾಪುವಿನ ಬಗ್ಗೆ ಒಂದನ್ನು ಬಿಟ್ಟು.

ಪಾಪುವಿಗೆ ಕಣ್ಣಿನ ಡಾಕ್ಟರಾಗುವ ಆಸೆ. ಈ ಒಂದು ವಿಷಯದಲ್ಲಿ ಮಾತ್ರ ಅಣ್ಣ ತಂಗಿ ಒಂದೇ ಕಡೆ ನಿಂತಿದ್ದರು. ‘ಕಣ್ಣು ದೇವರ ಕೆಲಸ, ಅದಕ್ಕೆ ಸೇವೆ ಮಾಡಲಿ’ ಎಂದು ಅವನು. ‘ವಿಜ್ಞಾನ ಓದಲಿ’ ಎಂದು ಇವಳು. ಆದರೆ ಮುಂದಿನ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಬೇಕಾದರೆ ಈ ವರ್ಷ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬರಲೇಬೇಕು. ಬರದಿದ್ದರೆ ಕಣ್ಣಿನ ಡಾಕ್ಟರಿಕೆ ಅಲ್ಲಿಗೇ ಮುಗಿಯಿತು.

ಬೆಂಕಿ ಹತ್ತಿದ್ದು ಅಂಗಡಿಯಲ್ಲಿ. ವಾರದ ಪ್ರಾರ್ಥನೆಯಲ್ಲಿ ಮಾಡಬೇಕಾದ ಉಪದೇಶವನ್ನು ಅಣ್ಣ ಗಾಜು ಒರೆಸುತ್ತಾ ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದ. ಎದುರಿಗೆ ಒಬ್ಬ ಗಿರಾಕಿ, ಮನೆಗಳಿಗೆ ಬಣ್ಣ ಬಳಿಯುವವನು, ಹೊಸ ಕನ್ನಡಕಕ್ಕೆ ಕಾಯುತ್ತಾ ಕೂತಿದ್ದ. ಅಣ್ಣ ಅವನಿಗೂ ಕೇಳಲಿ ಎಂದು ದನಿ ಏರಿಸಿದ.

“ಒಂದು ಕನ್ನಡಕ ಮಾಡೋಕೆ ನನ್ನಂಥವನು ಒಬ್ಬ ಬೇಕು. ಅಂಥದ್ರಲ್ಲಿ ಕಣ್ಣು ತಾನಾಗೇ ಆಯ್ತು ಅಂತಾರಲ್ಲ! ಕಣ್ಣಲ್ಲಿ ಒಂದೇ ಒಂದು ತಪ್ಪು ತೋರಿಸಲಿ ನೋಡೋಣ.”

ಫ್ರೇಮು ಜೋಡಿಸುತ್ತಿದ್ದ ಪಾಪು ತಲೆಯೆತ್ತದೆ ಕೇಳಿದಳು. “ಅಪ್ಪಾ, ಕಣ್ಣಲ್ಲಿ ತಪ್ಪೇ ಇಲ್ಲ ಅಂದ್ರೆ ನಮ್ಮ ಅಂಗಡಿಗೆ ಇಷ್ಟು ಜನ ಯಾಕೆ ಬರ್ತಾರೆ?”

ಬಣ್ಣದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣನ ಮುಖ ಕೆಂಪಾಯಿತು. ಮಗಳ ಮೇಲೆ ಕೈಯೆತ್ತಿದವನಲ್ಲ, ಅಂದೂ ಎತ್ತಲಿಲ್ಲ. ಆ ಮಾತು ಇವಳದಲ್ಲ, ತಂಗಿಯದು ಎಂದು ಅಲ್ಲೇ ನಿಂತಲ್ಲೇ ತೀರ್ಮಾನ ಮಾಡಿಬಿಟ್ಟ. ಹದಿನೈದು ವರ್ಷದ ಹುಡುಗಿಗೆ ಸ್ವಂತ ತಲೆಯೊಂದು ಇರಬಹುದು ಎಂಬ ಯೋಚನೆ ಅವನಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಏಪ್ರನ್ನಿನಲ್ಲೇ ಶಾಲೆಗೆ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.

“ಏನೇ, ನನ್ನ ಮಗಳ ಬಾಯಲ್ಲಿ ನೀನು ಮಾತಾಡ್ತೀಯಾ?”

“ಏನಾಯ್ತು ಅಂತ ಮೊದಲು ಹೇಳು, ಆಮೇಲೆ ಕೂಗಾಡು,” ಎಂದಳು ಟೀಚರು.

ಅವನು ಹೇಳಿದ. ಟೀಚರು ಆಗ ಸುಮ್ಮನಿರಬೇಕಿತ್ತು. ‘ನಾನು ಹೇಳಿಕೊಟ್ಟಿಲ್ಲ ಅಣ್ಣ’ ಎಂದು ನಿಜ ಹೇಳಿದ್ದರೂ ಸಾಕಿತ್ತು. ಅವಳು ನಕ್ಕುಬಿಟ್ಟಳು. ಹೆಮ್ಮೆಗೆ ನಕ್ಕಳು, ಹಳೆಯ ಸಿಟ್ಟಿಗೆ ನಕ್ಕಳು, ಇಡೀ ಮಂದಿರದ ಬಾಯಿ ಮುಚ್ಚಿಸುವಂಥ ಪ್ರಶ್ನೆಯನ್ನು ತನ್ನ ಪಾಪು ಕೇಳಿದಳಲ್ಲ ಎಂಬ ಖುಷಿಗೆ ನಕ್ಕಳು. ಮೂಲೆಯಲ್ಲಿ ಕೂತಿದ್ದ ಹಾಡಿನ ಟೀಚರು, ಮಂದಿರದಲ್ಲಿ ಹಾಡು ಹೇಳಿಕೊಡುವವಳು, ಆ ನಗುವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಎದ್ದು ಹೊರಗೆ ಹೋದಳು.

“ನಗು, ನಗು,” ಎಂದ ಅಣ್ಣ. “ನಿನ್ನ ಆ ದರಿದ್ರ ಪಾಠದಲ್ಲಿ ನನ್ನ ಮಗಳು ಕೂರೋದಿಲ್ಲ. ಇದು ನನ್ನ ಮಾತು.”

“ಇದು ಸರ್ಕಾರಿ ಶಾಲೆ. ನಿನ್ನ ಮಂದಿರ ಅಲ್ಲ.”

“ಸರ್ಕಾರ ಅವಳಿಗೆ ಊಟ ಹಾಕ್ತಿಲ್ಲ, ನಾನು ಹಾಕ್ತಿರೋದು.”

ಹೆಡ್ ಮಾಸ್ಟರು ಕೆಮ್ಮುತ್ತಾ ಓಡಿ ಬಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆ ಪಾಠದ ಹೊತ್ತಿಗೆ ಹುಡುಗಿ ಹೊರಗೆ ವರಾಂಡದ ಬೆಂಚಿನ ಮೇಲೆ ಕೂರಲಿ, ಪಾಠ ಪಾಠದ ಪಾಡಿಗೆ ನಡೆಯಲಿ, ಪರೀಕ್ಷೆಯಲ್ಲಿ ಹೇಗೂ ‘ಅಥವಾ’ ಇದ್ದೇ ಇದೆಯಲ್ಲ ಎಂದರು. ಅಣ್ಣ ಒಪ್ಪಿದ. ಟೀಚರು ಹಲ್ಲು ಕಚ್ಚಿಕೊಂಡಳು.

ಒಂಬತ್ತನೇ ಪಾಠದ ದಿನ ಪಾಪು ವರಾಂಡದಲ್ಲಿ ಕೂತಳು. ಟೀಚರು ತರಗತಿಯ ಕಿಟಕಿಗಳನ್ನೆಲ್ಲ ತೆರೆಸಿದಳು. ಹಲಗೆಯ ಹತ್ತಿರ ನಿಲ್ಲುವ ಬದಲು ಕಿಟಕಿಯ ಪಕ್ಕದಲ್ಲಿ ನಿಂತು, ಬೀದಿಯವರೆಗೂ ಕೇಳುವಂತೆ ಗಂಟಲು ಹರಿದುಕೊಂಡು ಪಾಠ ಮಾಡಿದಳು. ಬೆಳಕು ಕತ್ತಲು ಗೊತ್ತಾಗುವ ಬರೀ ಒಂದು ಚುಕ್ಕೆಯಿಂದ ಕಣ್ಣು ಹೇಗೆ ಶುರುವಾಯಿತು, ಆ ಚುಕ್ಕೆ ಹೇಗೆ ಬಟ್ಟಲಿನಂತೆ ಗುಳಿ ಬಿತ್ತು, ಬಟ್ಟಲಿನ ಬಾಯಿ ಕಿರಿದಾಗಿ ಅದರ ಮೇಲೆ ತೆಳ್ಳಗಿನ ಪೊರೆ ಹೇಗೆ ಬಂತು ಎಂದು ಒಂದೊಂದನ್ನೂ ಎರಡೆರಡು ಸಲ ಹೇಳಿದಳು. ಒಳಗಿನ ಮಕ್ಕಳು ಮುಖ ಮುಖ ನೋಡಿಕೊಂಡರು. ಟೀಚರು ತಮಗೆ ಪಾಠ ಮಾಡುತ್ತಿಲ್ಲ ಎಂದು ಅವರಿಗೂ ಗೊತ್ತಾಗಿತ್ತು.

ಪಾಠದ ಸದ್ದು ಮಂದಿರದವರೆಗೂ ಹೋಯಿತು. ಆ ವಾರದ ಪ್ರಾರ್ಥನೆಯಲ್ಲಿ ಅಣ್ಣ ಎದ್ದು ನಿಂತು ಕಣ್ಣಿನ ಉಪದೇಶವನ್ನು ಪಕ್ಕಕ್ಕಿಟ್ಟ. ಅವನು ಆಡಿದ್ದನ್ನು ಹಾಡಿನ ಟೀಚರು ಮರುದಿನವೇ ಉಪ್ಪು ಖಾರ ಹಚ್ಚಿ ಸ್ಟಾಫ್ ರೂಮಿಗೆ ತಂದಳು.

“ಯಾರ ಹೆಸರೂ ತಗೊಳ್ಳಲಿಲ್ಲ ಕಣ್ರೀ, ಪಾಪ. ಮಡಿಲು ಖಾಲಿ ಇರೋರು ಬೇರೆಯವರ ಮಕ್ಕಳ ತಲೆ ಕೆಡಿಸೋಕೆ ಹೊರಟಿದ್ದಾರೆ, ಅಂಥವರಿಗೆ ದೇವರು ಯಾಕೆ ಮಕ್ಕಳು ಕೊಡಲಿಲ್ಲ ಅಂತ ಈಗ ಗೊತ್ತಾಯ್ತು, ಅಂದ್ರು ಅಷ್ಟೇ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಟೀಚರು ಚಹಾ ಆರಿ ಕೆನೆ ಕಟ್ಟುವವರೆಗೂ ಲೋಟ ಹಿಡಿದೇ ಕೂತಿದ್ದಳು. ಪಾಪುವಿನ ಹಾಲುಹಲ್ಲು ಬಿದ್ದಾಗ ರಕ್ತ ಒರೆಸಿದ್ದು ಯಾರು? ದೊಡ್ಡವಳಾದ ದಿನ ಹೆದರಿ ಅಳುತ್ತಿದ್ದಾಗ ಅಪ್ಪ ಎನಿಸಿಕೊಂಡವನು ಅಂಗಡಿಯಿಂದ ಓಡಿ ಬಂದು ಕರೆದದ್ದು ಯಾರನ್ನು? ಮಡಿಲು ಖಾಲಿಯಂತೆ! ಅವಳಿಗೆ ಅಳು ಬರಲಿಲ್ಲ. ಅಣ್ಣನನ್ನು ಇಡೀ ಬೀದಿಯ ಎದುರಿಗೆ ಮಣ್ಣು ಮುಕ್ಕಿಸಬೇಕು ಎನ್ನುವುದೊಂದನ್ನು ಬಿಟ್ಟು ಬೇರೇನೂ ತೋಚಲಿಲ್ಲ.

ಪರೀಕ್ಷೆಯ ಪ್ರಶ್ನೆಗಳನ್ನು ಬರೆಯಲು ಕೂತಿದ್ದು ಇದೇ ಸಿಟ್ಟಿನಲ್ಲಿ. ಕಣ್ಣು ಹೇಗೆ ಹಂತ ಹಂತವಾಗಿ ರೂಪುಗೊಂಡಿತು, ವಿವರಿಸಿ. ಎಲ್ಲಕ್ಕಿಂತ ಹೆಚ್ಚು ಅಂಕವನ್ನು ಅದಕ್ಕೇ ಇಟ್ಟಳು. ಅದರ ಕೆಳಗೆ ‘ಅಥವಾ’ ಬರೆಯುವ ಜಾಗ ಬಂತು. ಅವಳು ಬರೆಯಲಿಲ್ಲ. ‘ಸತ್ಯಕ್ಕೆ ಅಥವಾ ಇಲ್ಲ’ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಲು ದೊಡ್ಡ ಮಾತು. ಅಷ್ಟು ವರ್ಷ ‘ಅಥವಾ’ ಬರೆಯುವಾಗ ಈ ಸತ್ಯ ಎಲ್ಲಿ ಮಲಗಿತ್ತು ಎಂದು ಅವಳನ್ನು ಕೇಳುವವರು ಯಾರೂ ಅಲ್ಲಿರಲಿಲ್ಲ. ಹೆಡ್ ಮಾಸ್ಟರು ಎಂದಿನಂತೆ ಓದದೆ ಸಹಿ ಹಾಕಿದರು.

ಪರೀಕ್ಷೆಯ ದಿನ ಹಾಲ್‌ನಲ್ಲಿ ಗುಸುಗುಸು ಎದ್ದಿತು. ಮಂದಿರದ ಮಕ್ಕಳು ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ಎಲೆಯನ್ನು ಹುಡುಕಿದರು. ಇಲ್ಲ. ಒಬ್ಬಳು ಬಿಕ್ಕಿದಳು. ಆಮೇಲೆ ಮಕ್ಕಳು ಮಕ್ಕಳೇ, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬರೆಯತೊಡಗಿದರು. ಒಬ್ಬ ಹುಡುಗನಂತೂ ‘ನಾನಿದನ್ನು ನಂಬುವುದಿಲ್ಲ, ಆದರೂ ಟೀಚರು ಹೇಳಿದ್ದು ಹೀಗೆ’ ಎಂದು ಶುರುಮಾಡಿ ಪುಟ ತುಂಬಿಸಿದ. ವರ್ಷ ವರ್ಷವೂ ಹಿರಿಯರು ಹೆದರಿದ್ದು ಇದಕ್ಕಾ ಎಂದು ಟೀಚರಿಗೆ ನಗು ಬಂತು. ನಗುತ್ತಲೇ ಸಾಲಿನ ಕೊನೆಗೆ ಬಂದಳು. ಪಾಪು ಕೈ ಕಟ್ಟಿ ಕೂತಿದ್ದಳು. ಬೇರೆ ಪ್ರಶ್ನೆಗಳಿಗೆಲ್ಲ ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದಾಗಿತ್ತು. ಆ ಒಂದು ಪುಟ ಮಾತ್ರ ಬಿಳಿ.

“ಬರಿ,” ಎಂದಳು ಟೀಚರು ಮೆಲ್ಲಗೆ. “ನಿಂಗೆ ಗೊತ್ತಿಲ್ವಾ?”

“ಗೊತ್ತಿದೆ ಮಿಸ್.”

“ಮತ್ತೆ?”

“ಬರೆಯಲ್ಲ ಮಿಸ್.”

ಗಂಟೆ ಹೊಡೆಯಿತು. ಪಾಪು ಎದ್ದು, ಉತ್ತರಪತ್ರಿಕೆಯನ್ನು ಎಲ್ಲರ ಹಾಗೆ ಮೇಜಿನ ಮೇಲಿಟ್ಟು ಹೋದಳು.

ಅಂಕ ಕೂಡಿಸಿ ನೋಡಿದರೆ ವಿಜ್ಞಾನ ವಿಭಾಗಕ್ಕೆ ಸಾಲುತ್ತಿರಲಿಲ್ಲ. ಆ ಒಂದು ಉತ್ತರ ಅರ್ಧ ಬರೆದಿದ್ದರೂ ಸಾಕಾಗುತ್ತಿತ್ತು. ಟೀಚರು ಹೆಡ್ ಮಾಸ್ಟರ ಹತ್ತಿರ ಹೋದಳು. ಅಷ್ಟರಲ್ಲಿ ಮಂದಿರದ ಅಪ್ಪಂದಿರು ಬಂದು ಅವರ ಬೆವರಿಳಿಸಿ ಹೋಗಿದ್ದರು.

“ನೀವೇ ಹಚ್ಚಿದ ಬೆಂಕಿ ಮೇಡಂ, ನನ್ನ ಕೈ ಸುಡಬೇಡಿ,” ಎಂದರು ಹೆಡ್ ಮಾಸ್ಟರು. ಕೊನೆಗೆ, ಹುಡುಗಿಯ ತಂದೆ ಖುದ್ದಾಗಿ ಬಂದು ಕೇಳಿದರೆ ಅವಳೊಬ್ಬಳಿಗೆ ಮರುಪರೀಕ್ಷೆ ಕೊಡಬಹುದು, ಅದೂ ಅಂಕಗಳು ಆಫೀಸಿಗೆ ಹೋಗುವುದರೊಳಗೆ ಎಂದರು. “ತಂದೆ ಕೇಳಬೇಕು. ಅತ್ತೆ ಕೇಳಿದರೆ ಆಗಲ್ಲ.”

ಟೀಚರು ಅಂಗಡಿಗೆ ಹೋದಳು. ತಾನಾಗಿ ಅಣ್ಣನ ಮೆಟ್ಟಿಲು ಹತ್ತುವುದೆಂದರೆ ಅವಳಿಗೆ ನಾಲಿಗೆ ಕಚ್ಚಿಕೊಂಡಂತೆ. ಆದರೂ ಹತ್ತಿದಳು. ಅಣ್ಣ ಯಂತ್ರ ನಿಲ್ಲಿಸಲಿಲ್ಲ. ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು.

“ಬಂದ್ಯಾ? ನೋಡಿದ್ಯಾ ನನ್ನ ಮಗಳನ್ನ? ಎಲ್ಲರೂ ಬರೆದ್ರು, ಅವಳೊಬ್ಬಳು ಬರೀಲಿಲ್ಲ. ಮಂದಿರದಲ್ಲಿ ಎಲ್ಲರೂ ಎದ್ದು ನಿಂತು ಅವಳನ್ನ ಹರಸಿದ್ರು ಗೊತ್ತಾ?”

“ಹರಸಿದ್ರೆ ಅವಳು ಡಾಕ್ಟರ್ ಆಗಲ್ಲ. ನಾಳೆ ಬಂದು ಮರುಪರೀಕ್ಷೆ ಕೊಡಿ ಅಂತ ಕೇಳು. ಒಂದು ಮಾತು ಸಾಕು.”

“ಕೇಳ್ತೀನಿ. ನೀನು ‘ಅಥವಾ’ ಹಾಕು.”

“ಹಾಕಲ್ಲ.”

“ಹಾಗಾದ್ರೆ ನಾನೂ ಕೇಳಲ್ಲ.”

“ನಿನ್ನ ಮಗಳ ಬಾಳು ಕಣೋ ಅದು!”

“ನನ್ನ ಮಗಳು ಅಂತ ಈಗ ನೆನಪಾಯ್ತಾ? ಅವಳ ಬಾಳು ಹಾಳಾದ್ರೆ ನಿನ್ನಿಂದ. ಅಪ್ಪ ಸಾಯೋವಾಗಲೂ ನಿನ್ನ ಹೆಸರೆತ್ತಲಿಲ್ಲ, ಸರಿಯಾಗೇ ಮಾಡಿದ.”

“ನೀನೂ ಸತ್ತಾಗ ನಾನು ಬರಲ್ಲ, ಹೋಗು.”

ಅಕ್ಷರಗಳ ಹಲಗೆಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದ ಗಿರಾಕಿ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡ. ಒಳಗಿನ ಕೋಣೆಯಿಂದ ಪಾಪು ಹೊರಗೆ ಬಂದಳು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟಳು. ಅವಳು ಅಳುತ್ತಿರಲಿಲ್ಲ, ಕೂಗಲೂ ಇಲ್ಲ.

“ನಾನು ದೇವರಿಗೋಸ್ಕರ ಬಿಟ್ಟಿದ್ದಲ್ಲ ಅಪ್ಪ. ಮಂದಿರದಲ್ಲಿ ಹಾಗಂತ ಹೇಳಬೇಡ, ನಂಗೆ ನಾಚಿಕೆ ಆಗುತ್ತೆ.”

ಅಣ್ಣ ಯಂತ್ರ ನಿಲ್ಲಿಸಿದ.

“ನೋಡಿದ್ಯಾ?” ಎಂದಳು ಟೀಚರು.

“ಅತ್ತೆ, ನೀನೂ ಸುಮ್ನಿರು,” ಎಂದಳು ಪಾಪು. “ಆ ಪ್ರಶ್ನೆ ನೀನು ನಂಗೆ ಹಾಕಿದ್ದಲ್ಲ. ಅಪ್ಪಂಗೆ ಹಾಕಿದ್ದು. ವರಾಂಡದಲ್ಲಿ ಕೂತಿದ್ದಾಗಲೂ ನೀನು ಪಾಠ ಹೇಳಿದ್ದು ನಂಗಲ್ಲ, ಅಪ್ಪಂಗೆ ಕೇಳಲಿ ಅಂತ. ಅಪ್ಪಂಗೆ ಹಾಕಿದ ಪ್ರಶ್ನೆಗೆ ನಾನ್ಯಾಕೆ ಉತ್ತರ ಬರೀಬೇಕು?”

ಟೀಚರು ಕಣ್ಣು ತಪ್ಪಿಸಿ ಪೆಟ್ಟಿಗೆಯೊಳಗಿನ ಫ್ರೇಮುಗಳ ಕಡೆ ನೋಡಿದಳು.

“ನೀನು ‘ಅಥವಾ’ ಹಾಕ್ತೀಯ ಅಂತ ನಾನು ಕಾಯ್ತಾ ಇದ್ದೆ ಅತ್ತೆ. ಎಲೆ ಬಿಟ್ಟು ಒಂಬತ್ತನೇ ಪಾಠದ್ದೇ ಬರೀಬೇಕು ಅಂತ ವರ್ಷವೆಲ್ಲ ಓದಿದ್ದೆ. ಯಾರೂ ಬಲವಂತ ಮಾಡದೆ ಇದ್ದಾಗ ನಾನೇ ಆರಿಸ್ಕೊಂಡು ಬರೀಬೇಕು ಅಂತ. ಮಂದಿರದ ಮಕ್ಕಳು ಯಾರೂ ಯಾವತ್ತೂ ಬರೆದಿಲ್ವಲ್ಲ. ಅದೊಂದು ನನ್ನದು ಅಂತ ಇತ್ತು. ಅದನ್ನೂ ನೀನೇ ಕಿತ್ಕೊಂಡೆ.”

ಅಷ್ಟು ವರ್ಷ ಟೀಚರು ಉಗಿಯುತ್ತಾ ಬಂದ ಆ ದರಿದ್ರ ಪದ, ಹೇಡಿಗಳ ಪದ, ಇಡೀ ಶಾಲೆಯಲ್ಲಿ ಒಂದೇ ಒಂದು ಮಗುವಿಗೆ ಬಾಗಿಲಾಗಿತ್ತು. ಆ ಬಾಗಿಲನ್ನು ತನ್ನ ಕೈಯಾರೆ ಮುಚ್ಚಿದ್ದಳು. ಅದೂ ಯಾರಿಗೆ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ಹಾಕ್ತೀನಿ ಅಣ್ಣ,” ಎಂದಳು. ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. “‘ಅಥವಾ’ ಹಾಕ್ತೀನಿ. ಎಲೆನೂ ಹಾಕ್ತೀನಿ. ನಾಳೆ ಬಂದು ಕೇಳು.”

ಅಣ್ಣ ಮಗಳನ್ನೇ ನೋಡುತ್ತಿದ್ದ. ಈಗ ತಾನೇ ಯಾರೋ ಅಪರಿಚಿತರು ಮನೆಯೊಳಗಿಂದ ಎದ್ದು ಬಂದ ಹಾಗೆ ನೋಡುತ್ತಿದ್ದ. ಎರಡು ನಿಮಿಷದ ಹಿಂದೆ ಅವನು ಹಟ ಹಿಡಿದು ಕೇಳಿದ್ದ ‘ಅಥವಾ’ ಅವನ ಕೈಗೆ ಬಂದಿತ್ತು. ಈಗ ಅದೇ ಅವನಿಗೆ ವಿಷವಾಗಿತ್ತು. ‘ಅಥವಾ’ ಹಾಕಿದರೆ ಮಗಳು ಏನು ಬರೆಯುತ್ತಾಳೆಂದು ಗೊತ್ತಾಗಿಹೋಗಿತ್ತಲ್ಲ. ಬಲವಂತಕ್ಕೆ ಬರೆದಿದ್ದರೆ ಮಂದಿರದಲ್ಲಿ ತಲೆಯೆತ್ತಿ ನಿಲ್ಲಬಹುದಿತ್ತು. ಬೇಕೆಂದೇ ಬರೆದರೆ?

“ಕೇಳಲ್ಲ,” ಎಂದ.

“ಅಣ್ಣ, ನೀನೇ ಹೇಳಿದ್ದು ಹಾಕು ಅಂತ!”

“ಆಗ ಹೇಳಿದ್ದೆ. ಈಗ ಕೇಳಲ್ಲ. ನನ್ನ ಮಗಳು ಬೇಕಾದ್ರೆ ಅಂಗಡೀಲಿ ಗಾಜು ಒರೆಸಿಕೊಂಡು ಇರಲಿ, ಆ ಉತ್ತರ ಬರೆದು ಡಾಕ್ಟರ್ ಆಗೋದು ಬೇಡ.”

“ಕೈ ಮುಗೀತೀನಿ ಕಣೋ.”

“ದೇವರಿಗೆ ಮುಗಿ,” ಎಂದು ಯಂತ್ರ ಶುರುಮಾಡಿದ. ಮುಂದಿನ ಮಾತುಗಳೆಲ್ಲ ಗಾಜು ಉಜ್ಜುವ ಸದ್ದಿನಲ್ಲಿ ಮುಳುಗಿಹೋದವು. ಇಬ್ಬರೂ ಆಮೇಲೂ ಒಬ್ಬರ ಮುಖಕ್ಕೆ ಒಬ್ಬರು ಬಾಯಿ ತೆರೆದು ಬೈದುಕೊಂಡರು, ‘ನೀನು ಮಾಡಿದ್ದು’, ‘ನೀನು ಮಾಡಿದ್ದು’ ಎಂದು. ಪಾಪು ಗಿರಾಕಿಯ ಪಕ್ಕಕ್ಕೆ ಹೋಗಿ ನಿಂತು, ಹಲಗೆಯ ಮೂರನೇ ಸಾಲಿಗೆ ಕಡ್ಡಿ ಇಟ್ಟು, “ಇದು ಓದಿ,” ಎಂದಳು.

ಟೀಚರು ಅಂಕಗಳನ್ನು ತಡೆದು ಹಿಡಿದಳು. ಇನ್ನೊಂದು ಸಲ ಎಣಿಸಬೇಕು ಎಂದು ಹೆಡ್ ಮಾಸ್ಟರಿಗೆ ಸುಳ್ಳು ಹೇಳಿದಳು. ಎರಡು ಸಲ ಅಂಗಡಿಗೆ ಹೋದಳು. ಮೊದಲ ಸಲ ಅಣ್ಣ ತಲೆಯೆತ್ತಲಿಲ್ಲ. ಎರಡನೇ ಸಲ ಅವಳನ್ನು ಕಂಡು ಹಾಡುಹಗಲೇ ಷಟರ್ ಎಳೆದ. ಪಾಪುವನ್ನು ಶಾಲೆಯ ಗೇಟಿನಲ್ಲಿ ತಡೆದು, “ನೀನಾದ್ರೂ ಅಪ್ಪಂಗೆ ಹೇಳು ಪುಟ್ಟಾ,” ಎಂದಳು. “ನಾನು ಹೇಳೋದನ್ನ ಹೇಳಿ ಆಯ್ತು ಅತ್ತೆ,” ಎಂದು ಅವಳು ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ನಡೆದಳು.

ಆಫೀಸಿನಿಂದ ಅಟೆಂಡರ್ ಬಂದ. ಕಳುಹಿಸಿದಳು. ಮತ್ತೆ ಬಂದ. ಈ ಸಲ ಅವನು ಹೋಗದೆ ಮೇಜಿನ ಪಕ್ಕದಲ್ಲೇ ನಿಂತ. ಸ್ಟಾಫ್ ರೂಮಿನಲ್ಲಿ ಹಾಡಿನ ಟೀಚರು ಕಿಟಕಿಯ ಕಡೆ ಮುಖ ಮಾಡಿಕೊಂಡು, ಕಿವಿಯನ್ನು ಮಾತ್ರ ಈ ಕಡೆ ಇಟ್ಟುಕೊಂಡು ಕೂತಿದ್ದಳು. ಟೀಚರಿಗೆ ಆ ಉತ್ತರ ಪಾಪುವಿಗೆ ಗೊತ್ತು ಎಂದು ಗೊತ್ತಿತ್ತು, ಇಡೀ ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ ಎಂದೂ ಗೊತ್ತಿತ್ತು. ಸುಮ್ಮನೆ ಅಂಕ ಹಾಕಿಬಿಡಲೇ ಎಂದು ಪೆನ್ನು ಎತ್ತಿದಳು. ಬರೆಯದ ಉತ್ತರಕ್ಕೆ ಅಂಕ ಕೊಟ್ಟರೆ ನಾಳೆ ಬೆಳಿಗ್ಗೆಯೇ ಮಂದಿರದವರು ಉತ್ತರಪತ್ರಿಕೆ ತೆಗೆಸಿ ನೋಡುತ್ತಾರೆ. ಆ ಅಂಕವೂ ಹೋಗುತ್ತದೆ, ಪಾಪು ಕಳ್ಳಿ ಎನ್ನಿಸಿಕೊಳ್ಳುತ್ತಾಳೆ. ಅಷ್ಟೂ ದಾರಿಗಳನ್ನು ಅಣ್ಣನೂ ತಾನೂ ಸೇರಿ ಮುಚ್ಚಿಯಾಗಿತ್ತು.

“ಮೇಡಂ, ಹೊತ್ತಾಗುತ್ತೆ,” ಎಂದ ಅಟೆಂಡರ್.

ಅವಳು ಸೊನ್ನೆ ಬರೆದಳು. ಅದು ಯಾರ ಸೊನ್ನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬರೆದಿದ್ದು ಮಾತ್ರ ಪಾಪುವಿನ ಹೆಸರಿನ ಮುಂದೆ.